ಸಿಕ್ಕಿಬಿದ್ದ ಮಗುವಿನ ಮನಸ್ಸು ಮತ್ತು ನಮ್ಮ ಸಂಘ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ಉಳಿತಾಯ, ಆಂತರಿಕ ಸಾಲ, ಬ್ಯಾಂಕಿನ ಬಡ್ಡಿ, ಹಸು ಸಾಲದ ಮರುಪಾವತಿ ಎಲ್ಲ ಮಾತಾಡಿ ನಿಮಗೂ ದಣಿವಾಗಿದೆ. ನನಗೆ ಕೊಟ್ಟಿರುವ ವಿಷಯ ಲೆಕ್ಕದ್ದಲ್ಲ. ಪೊಲೀಸ್ ಕೇಸಿಗೆ ಸಿಕ್ಕಿಕೊಂಡ ಹದಿನೆಂಟು ವರ್ಷದೊಳಗಿನ ಮಕ್ಕಳ ಮಾನಸಿಕ ಆರೋಗ್ಯ. ಈ ವಿಷಯ ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ, "ನಮ್ಮೂರಲ್ಲಿ ಅಂಥ ಐಕ್ಳು ಇಲ್ಲ ಬುಡಿ ಮೇಡಂ" ಅಂದಿದ್ದು ನನಗೆ ಕೇಳಿಸ್ತು. ಸಂತೋಷ. ಆದರೆ ನಾನು ಹೇಳಬೇಕೆಂದಿರುವುದು ಐಕಳಿಗಿಂತ ಹೆಚ್ಚಾಗಿ ನಮ್ಮ ಬಗ್ಗೆ, ನಮ್ಮ ಸಂಘಗಳ ಬಗ್ಗೆ.

ಒಂದು ಸಂಘದಲ್ಲಿ ನಡೆದದ್ದು ಹೇಳ್ತೀನಿ. ಈ ನಾಲ್ಕು ತಾಲ್ಲೂಕುಗಳಲ್ಲೇ ಒಂದು ಊರು. ಊರಿನ ಹೆಸರು, ತಾಯಿಯ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರವನ್ನೂ ಬದಲಾಯಿಸಿದ್ದೇನೆ. ಆಮೇಲೆ ಮನೆಗೆ ಹೋಗುವಾಗ ಬಸ್ಸಿನಲ್ಲಿ "ಅದು ಯಾವೂರು ಇರಬಹುದು" ಅಂತ ಲೆಕ್ಕ ಹಾಕಬೇಡಿ ದಯವಿಟ್ಟು.

ಆ ತಾಯಿಗೆ ಒಬ್ಬನೇ ಮಗ, ಹದಿನಾರು ವರ್ಷ. ಒಂಬತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟ. ಕಬ್ಬು ಕಡಿಯುವ ಕಾಲದಲ್ಲಿ ಕೂಲಿ, ಮಿಕ್ಕ ಕಾಲದಲ್ಲಿ ಸರ್ಕಲ್‌ನಲ್ಲಿ ನಿಲ್ಲೋದು. ದೊಡ್ಡ ಹುಡುಗರ ಜೊತೆ ಸೇರಿ ಹೊಲಗಳಲ್ಲಿ ಬೋರ್‌ವೆಲ್ ಮೋಟಾರಿನ ಕೇಬಲ್ ಕತ್ತರಿಸಿ, ತಾಮ್ರ ಸುಟ್ಟು ಮಾರುವಾಗ ಸಿಕ್ಕಿಬಿದ್ದ. ರೈತನಿಗೆ ಕೇಬಲ್ ಹೋದರೆ ಎಷ್ಟು ಸಂಕಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಊರಿಗೆ ಊರೇ ಸಿಟ್ಟಾಗಿತ್ತು. ಆ ಸಿಟ್ಟು ನ್ಯಾಯವಾದದ್ದೇ.

ತಾಯಿ ಠಾಣೆಗೆ ಅಲೆದು, ಮಂಡಳಿಗೆ ಅಲೆದು, ಸಂಘದ ಎರಡು ವಾರದ ಸಭೆಗೆ ಬರಲಾಗಲಿಲ್ಲ. ನಿಯಮದ ಪ್ರಕಾರ ಗೈರುಹಾಜರಿಯ ದಂಡ ಹಾಕಿದರು. ಮೂರನೇ ವಾರ ಬಂದಾಗ ಯಾರೂ ಮಾತಾಡಿಸಲಿಲ್ಲ. ಪಕ್ಕದಲ್ಲಿ ಕೂತವಳು ಸ್ವಲ್ಪ ಸರಿದು ಕೂತಳಂತೆ. ಸಾಲದ ಪಟ್ಟಿ ಓದುವಾಗ ಒಬ್ಬರು, "ಇವಳ ಸಾಲ ಮೊದಲು ಚುಕ್ತಾ ಮಾಡಿಸಿಕೊಳ್ರವ್ವ, ನಾಳೆ ಏನೈತೋ" ಅಂದರು. ಆಕೆ ಆವತ್ತು ಪಾಸ್‌ಬುಕ್ ತಗೊಂಡು ಹೋದವಳು ಮತ್ತೆ ಬರಲಿಲ್ಲ.

ಈಗ ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಆ ಹುಡುಗನ ಅಪ್ಪ ನಾಲೆಯಲ್ಲಿ ಮುಳುಗಿ ಸತ್ತಿದ್ದ. ಹೆಣ ಎತ್ತುವಾಗ ಮಗ ದಡದ ಮೇಲೆ ನಿಂತಿದ್ದ. ತಿಥಿ ಆಯ್ತು, ಜನ ಊಟ ಮಾಡಿ ಹೋದರು. ಹುಡುಗ ರಾತ್ರಿ ನಿದ್ದೆ ಮಾಡೋದನ್ನು ಬಿಟ್ಟ. ಮಲಗಿದರೆ ಬೆಚ್ಚಿಬಿದ್ದು ಎದ್ದು ಕೂರೋನು. ತರಗತಿಯಲ್ಲಿ ತೂಕಡಿಸೋನು, ಮೇಷ್ಟ್ರು ಬೈಯೋರು, ಎದುರು ಮಾತಾಡೋನು. ಬೀಡಿ ಕಲಿತ, ಆಮೇಲೆ ಗಾಂಜಾ. "ಅದು ಸೇದಿದ್ರೆ ನಿದ್ದೆ ಬತ್ತದೆ" ಅಂತ ವೀಕ್ಷಣಾಲಯದಲ್ಲಿ ಆಪ್ತ ಸಮಾಲೋಚಕರ ಹತ್ತಿರ ಹೇಳಿದ. ಎರಡು ವರ್ಷದಲ್ಲಿ ಅವನಿಗೆ "ನಿದ್ದೆ ಬರ್ತದೇನಪ್ಪ?" ಅಂತ ಕೇಳಿದ ಮೊದಲ ಮನುಷ್ಯರು ಅವರು. ಕೇಸು ಆಗಿದ್ದಕ್ಕೆ ಕೇಳಿದರು. ಕೇಸು ಆಗದಿದ್ದರೆ ಅದೂ ಇಲ್ಲ. ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಮನಸ್ಸು ಕೆಟ್ಟ ಮಕ್ಕಳೆಲ್ಲ ಕಳ್ಳರಾಗ್ತಾರೆ ಅಂತ ಯಾರೂ ತಿಳಿಯಬಾರದು. ಅದು ಶುದ್ಧ ತಪ್ಪು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಯಾರ ತಂಟೆಗೂ ಹೋಗದೆ ಮೂಲೆಯಲ್ಲಿ ಕೂತು ಬೇಯುವವರು. ಆದರೆ ಕೇಸಿಗೆ ಸಿಕ್ಕ ಮಕ್ಕಳ ಹಿನ್ನೆಲೆ ಕೆದಕಿದರೆ ಅಲ್ಲಿ ಕುಡುಕ ಅಪ್ಪನ ಏಟು, ಶಾಲೆಯಲ್ಲಿ ಅಕ್ಷರ ಹತ್ತದ ಅವಮಾನ, ಚಟ, ಸಾವು, ಲೈಂಗಿಕ ಕಿರುಕುಳ ಇಂಥದ್ದು ಮತ್ತೆ ಮತ್ತೆ ಸಿಗುತ್ತದೆ. ಹುಡುಗ ಮಾಡಿದ ತಪ್ಪು ತಪ್ಪೇ. ಅದರ ಹಿಂದಿರುವುದನ್ನು ನೋಡದೆ ಬರೀ ತಪ್ಪನ್ನು ಹಿಡಿದುಕೊಂಡರೆ ಅವನು ಅದೇ ದಾರಿಗೆ ಮತ್ತೆ ಹೋಗ್ತಾನೆ.

ಈ ಮಾತನ್ನು ನಾನೊಬ್ಬಳೇ ಹೇಳುತ್ತಿಲ್ಲ, ಕಾನೂನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರಲ್ಲಿ ಇಂಥ ಮಕ್ಕಳನ್ನು ಅಪರಾಧಿ, ಆರೋಪಿ ಅಂತ ಕರೆಯುವ ಹಾಗೇ ಇಲ್ಲ. "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಅನ್ನಬೇಕು. ಉದ್ದವಾಯ್ತು, ಬಾಯಿಗೆ ಹತ್ತೋದಿಲ್ಲ, ನಿಜ. "ಹುಡುಗ" ಅನ್ನಿ ಸಾಕು. "ಕಳ್ಳ" ಅನ್ನಬೇಡಿ, ಅಷ್ಟೇ.

ಹುಡುಗನನ್ನು ಹಿಡಿದುಕೊಂಡು ಹೋದ ದಿನ ಏನೇನಾಗಬೇಕು ಅಂತ ತಿಳಿದಿರಲಿ, ಯಾಕಂದರೆ ಮನಸ್ಸಿಗೆ ಮೊದಲ ಏಟು ಬೀಳೋದು ಆ ದಿನವೇ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, ಕೋಳ ತೊಡಿಸುವಂತಿಲ್ಲ. ತಂದೆ ತಾಯಿಗೆ ತಿಳಿಸಲೇಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಅಂದರೆ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರು ಹೆಂಗಸು ಇರಲೇಬೇಕು. ಕೋರ್ಟಿನ ಕಟಕಟೆ ಇರೋದಿಲ್ಲ. ಸಣ್ಣ ಅಪರಾಧಕ್ಕೆ ಎಫ್‌ಐಆರ್ ಹಾಕುವ ಬದಲು ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಕಳಿಸಬೇಕು. ಘೋರ ಅಪರಾಧವಾದರೆ, ಇಲ್ಲವೇ ನಮ್ಮ ಈ ಹುಡುಗನ ಹಾಗೆ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಎಫ್‌ಐಆರ್ ಆಗುತ್ತದೆ.

ಇಲ್ಲಿ ಒಂದು ಕಾಗದ ಬಹಳ ಮುಖ್ಯ. ವಯಸ್ಸಿನ ದಾಖಲೆ. ಶಾಲೆ ಬಿಟ್ಟ ಹುಡುಗ ಕೂಲಿ ಮಾಡಿ ಮೈಕೈ ತುಂಬಿಕೊಂಡಿದ್ದರೆ, ಮೀಸೆ ಬಂದಿದ್ದರೆ, ನೋಡಿದವರು ಹತ್ತೊಂಬತ್ತು ಇಪ್ಪತ್ತು ಅಂದುಬಿಡ್ತಾರೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಕಾನೂನು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನಿಮ್ಮ ಮಕ್ಕಳದ್ದು ಶಾಲೆಯಿಂದ ಇನ್ನೂ ತಂದಿಲ್ಲವಾದರೆ ಈ ವಾರವೇ ತಂದು, ಪಾಸ್‌ಬುಕ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಕೇಸಿಗೇ ಅಂತಲ್ಲ, ನೂರೆಂಟು ಕಡೆ ಬೇಕಾಗುತ್ತದೆ.

ವಕೀಲರ ಫೀಸಿಗೆ ಸಂಘದಿಂದ ಸಾಲ ಎತ್ತಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿಗೂ ಹೆಂಗಸರಿಗೂ ಉಚಿತ ವಕೀಲರ ನೆರವು ಇದೆ. ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಇನ್ನು ಮನಸ್ಸಿನ ವಿಚಾರ. ಮಂಡಳಿಯ ಮುಂದೆ ಹುಡುಗ ಬಂದಮೇಲೆ ಪರಿವೀಕ್ಷಣಾಧಿಕಾರಿ ಅಂತ ಒಬ್ಬರು ನಿಮ್ಮ ಮನೆಗೆ ಬರ್ತಾರೆ, ಇಲ್ಲವೇ ನಿಮ್ಮನ್ನು ಕರೆಸ್ತಾರೆ. ಎರಡು ವಾರದೊಳಗೆ ಅವರು ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಯಾರ್ಯಾರಿದ್ದಾರೆ, ಜಗಳ ಇದೆಯಾ, ಶಾಲೆ ಯಾಕೆ ಬಿಟ್ಟ, ಕಾಯಿಲೆ ಏನಿತ್ತು, ಚಟ ಏನು, ಯಾರಾದರೂ ಹೊಡೆದಿದ್ದಾರಾ, ಕೆಟ್ಟದಾಗಿ ಮುಟ್ಟಿದ್ದಾರಾ ಅಂತ ಅದರಲ್ಲಿ ಕೇಳಿರುತ್ತದೆ. ಆ ವರದಿಯನ್ನು ನೋಡಿಯೇ ಮಂಡಳಿ ಮುಂದಿನದನ್ನು ತೀರ್ಮಾನಿಸುತ್ತದೆ.

ನಮ್ಮ ತಾಯಂದಿರು ಇಲ್ಲಿ ಏನು ಮಾಡ್ತಾರೆ ಗೊತ್ತಾ? ಎಲ್ಲ ಮುಚ್ಚಿಡ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. "ನಮ್ ಹೈದ ಚಿನ್ನದಂಥವನು ಸಾ, ಯಾವ ಚಟಾನೂ ಇಲ್ಲ, ಯಾವ ಕಾಯ್ಲೇನೂ ಇಲ್ಲ, ಅವರು ಇವರು ಸೇರಿ ಕೆಡಿಸಿದ್ರು" ಅಂದುಬಿಡ್ತಾರೆ. ಹೇಳಿದರೆ ಶಿಕ್ಷೆ ಜಾಸ್ತಿ ಆಗ್ತದೇನೋ, ಹುಚ್ಚ ಅಂತ ಬರೆದುಬಿಡ್ತಾರೇನೋ ಅನ್ನೋ ಭಯ. ನಾನು ಹೇಳಿದ ಆ ತಾಯಿಯೂ ಹಾಗೇ ಮಾಡಿದಳು. ಗಂಡ ಸತ್ತದ್ದನ್ನು ಹೇಳಿದಳು. ಮಗ ರಾತ್ರಿ ಬೆಚ್ಚುವುದನ್ನು ಹೇಳಲಿಲ್ಲ, ಗಾಂಜಾ ವಿಷಯ ಹೇಳಲಿಲ್ಲ. ಸಮಾಲೋಚಕರಿಗೆ ಹುಡುಗನೇ ತಾನಾಗಿ ಬಾಯಿ ಬಿಟ್ಟದ್ದರಿಂದ ಗೊತ್ತಾಯಿತು. ಬಿಡದೇ ಇದ್ದಿದ್ದರೆ?

ಈ ವರದಿ ಶಿಕ್ಷೆ ಹೆಚ್ಚಿಸುವುದಕ್ಕೆ ಅಲ್ಲ ಸಹೋದರಿಯರೇ. ಈ ಕಾಯ್ದೆಯಲ್ಲಿ ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಗುಂಪು ಸಮಾಲೋಚನೆಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆ ತಾಯಿಯ ಜವಾಬ್ದಾರಿಯಲ್ಲಿ ಬಿಡಬಹುದು. ಬಹಳವೆಂದರೆ ಮೂರು ವರ್ಷದವರೆಗೆ ವಿಶೇಷ ಗೃಹಕ್ಕೆ ಕಳಿಸಬಹುದು. ಅದರ ಜೊತೆಗೆ ಶಾಲೆಗೆ ಹೋಗಬೇಕು, ಕಸುಬು ಕಲಿಯಬೇಕು, ಚಿಕಿತ್ಸೆ ಪಡೆಯಬೇಕು, ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಹೋಗಬೇಕು ಅಂತ ಆದೇಶ ಮಾಡಬಹುದು. ತೊಂದರೆ ಏನು ಅಂತ ನೀವು ಹೇಳಿದರೆ ತಾನೇ ಅದಕ್ಕೆ ತಕ್ಕ ಆದೇಶ ಬರೋದು? ಡಾಕ್ಟರ ಹತ್ತಿರ ಹೊಟ್ಟೆನೋವು ಮುಚ್ಚಿಟ್ಟು ತಲೆನೋವಿನ ಮಾತ್ರೆ ತಂದಹಾಗೆ ಆಗುತ್ತದೆ ಅಷ್ಟೇ.

ವೀಕ್ಷಣಾಲಯದಲ್ಲಿ ಇರುವಷ್ಟು ದಿನ ಮಗುವಿಗೆ ಸಮಾಲೋಚನೆ ಮತ್ತು ಮಾನಸಿಕ ಆರೋಗ್ಯದ ನೆರವು ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಪ್ರತಿ ಮಗುವಿಗೂ ಅದರದೇ ಆದ ಪಾಲನಾ ಯೋಜನೆ ಬರೆಯಬೇಕು. ಮಾನಸಿಕ ತಜ್ಞರು ಪರೀಕ್ಷೆ ಮಾಡಿ ಇಂಥ ತೊಂದರೆ ಅಂತ ಹೇಳದೆ ಮನಸ್ಸಿನ ಔಷಧಿ ಕೊಡುವಂತಿಲ್ಲ ಅಂತ 2016ರ ಮಾದರಿ ನಿಯಮಗಳಲ್ಲಿ ಬರೆದಿದೆ. ಹುಡುಗರನ್ನು ಸುಮ್ಮನಿರಿಸಲು ಮಾತ್ರೆ ನುಂಗಿಸಬಾರದು ಅಂತ ಇದರ ಅರ್ಥ. ನಿಮ್ಮ ಮಗುವನ್ನು ನೋಡಲು ಹೋದಾಗ "ಸಮಾಲೋಚಕರು ಮಾತಾಡಿಸಿದರಾ? ಏನು ಮಾತ್ರೆ ಕೊಡ್ತಿದ್ದಾರೆ? ಯಾರು ಬರೆದುಕೊಟ್ಟರು?" ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ. ಜೋರು ಮಾಡಬೇಡಿ, ಕೇಳಿ.

ಈ ಕೆಲಸದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು 2014ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಿಂದ ಆಸ್ಪತ್ರೆ ಬಿಟ್ಟು ಹೊರಗೆ ಬಂದರು. ಅಂಗನವಾಡಿ, ಶಾಲೆ, ಬಾಲಮಂದಿರ, ವೀಕ್ಷಣಾಲಯಗಳಲ್ಲಿ ಮಕ್ಕಳ ಜೊತೆ ಕೆಲಸ ಶುರುಮಾಡಿದರು. ವೀಕ್ಷಣಾಲಯದ ಹುಡುಗರಿಗೆ ಉಪದೇಶ ಮಾಡುವ ಬದಲು ಕಥೆ, ಆಟ, ಚಿತ್ರ, ಸಿನಿಮಾದ ತುಣುಕು ಇಟ್ಟುಕೊಂಡು, ಸಿಟ್ಟು ಬಂದಾಗ ಏನು ಮಾಡ್ತೀಯ, ಗೆಳೆಯರು ಎಳೆದಾಗ ಬೇಡ ಅನ್ನೋದು ಹೇಗೆ ಅಂತ ಮಾತಾಡಿಸುವ ವಿಧಾನ ರೂಪಿಸಿದರು. 2020ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ಇದೇ ಕೆಲಸ "ಸಂವಾದ್" ಎಂಬ ಹೆಸರಿನಲ್ಲಿ ರಾಷ್ಟ್ರಮಟ್ಟಕ್ಕೆ ಬೆಳೆಯಿತು. ಬಾಲನ್ಯಾಯ ಮಂಡಳಿಯವರಿಗೆ, ಪರಿವೀಕ್ಷಣಾಧಿಕಾರಿಗಳಿಗೆ ತರಬೇತಿ ಕೊಡುವುದೂ ಅದರಲ್ಲಿ ಸೇರಿದೆ.

ಹದಿನಾರರಿಂದ ಹದಿನೆಂಟರೊಳಗಿನ ಹುಡುಗನ ಮೇಲೆ ಘೋರ ಅಪರಾಧದ ಕೇಸು ಬಂದರೆ ಇನ್ನೊಂದು ಹಂತ ಇದೆ. ಅಪರಾಧ ಮಾಡುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಅದರ ಪರಿಣಾಮ ಅವನಿಗೆ ತಿಳಿದಿತ್ತೇ, ಯಾವ ಸಂದರ್ಭದಲ್ಲಿ ಮಾಡಿದ ಅಂತ ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡುತ್ತದೆ. ಅದರ ಮೇಲೆ, ದೊಡ್ಡವರ ಹಾಗೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಬೇಡವೇ ಅನ್ನೋದು ನಿಂತಿದೆ. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮಕ್ಕಳ ಮನೋವೈದ್ಯ ಓದಿದವರಿಲ್ಲದಿದ್ದರೆ ಅನುಭವಿ ಮನೋತಜ್ಞರ ನೆರವು ಪಡೆಯಲೇಬೇಕು ಅಂತ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಉಚಿತ ವಕೀಲರಿಗೆ ಇದನ್ನು ನೆನಪು ಮಾಡಿದರೆ ತಪ್ಪೇನಿಲ್ಲ.

ಘೋರ ಅಪರಾಧ ಅಂದಾಗ ಕೊಲೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಪ್ರೀತಿ ಅಂತ ಹದಿನೇಳರ ಹುಡುಗ, ಹದಿನಾರರ ಹುಡುಗಿ ಓಡಿಹೋಗ್ತಾರೆ. ಹುಡುಗಿಯ ಮನೆಯವರು ದೂರು ಕೊಡ್ತಾರೆ. 2012ರ ಪೋಕ್ಸೋ ಕಾಯ್ದೆಯಲ್ಲಿ ಹದಿನೆಂಟರೊಳಗಿನ ಹುಡುಗಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹುಡುಗ ನೇರವಾಗಿ ಘೋರ ಅಪರಾಧದ ಕೇಸಿನಲ್ಲಿ ನಿಲ್ತಾನೆ. ಇಂಥ ಹುಡುಗ ಮನೆಗೆ ಬಂದಾಗ ನಾಚಿಕೆಯಿಂದ ನೆಲ ನೋಡ್ತಾ ಇರ್ತಾನೆ, ಹುಡುಗಿ ಇನ್ನೂ ಜಾಸ್ತಿ ಕುಗ್ಗಿಹೋಗಿರ್ತಾಳೆ. ಇಬ್ಬರಿಗೂ ಮಾತಾಡಿಸುವವರು ಬೇಕು. ನಾವು ಏನು ಮಾಡ್ತೀವಿ? ಹುಡುಗಿಗೆ ಬೇಗ ಬೇಗ ಗಂಡು ಹುಡುಕ್ತೀವಿ, ಅದೂ ಬಾಲ್ಯವಿವಾಹ, ಅದೂ ಕೇಸು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಜಾಗಕ್ಕೆ ಬಂದೆ. ಇಂಥ ಮಕ್ಕಳಿಗೆ ಜಾಮೀನು ಕೊಡುವುದೇ ಸಾಮಾನ್ಯ ನಿಯಮ, ಕೊಡದಿರುವುದು ಅಪರೂಪ. ಹೊರಗೆ ಬಿಟ್ಟರೆ ಮತ್ತೆ ಕೆಟ್ಟವರ ಕೈಗೆ ಸಿಗ್ತಾನೆ, ಅವನಿಗೇ ಅಪಾಯ, ಇಲ್ಲವೇ ನ್ಯಾಯಕ್ಕೆ ಧಕ್ಕೆ ಅಂತ ಕಂಡರೆ ಮಾತ್ರ ಬಿಡುವುದಿಲ್ಲ. ಅಂದರೆ ಹೆಚ್ಚಿನ ಹುಡುಗರು ಸ್ವಲ್ಪ ದಿನದಲ್ಲೇ ಮನೆಗೆ ಬರ್ತಾರೆ. ಬರಬೇಕಾದದ್ದೇ. ಆದರೆ ವೀಕ್ಷಣಾಲಯದ ಸಮಾಲೋಚಕರು ಅಲ್ಲೇ ಉಳಿದರು. ಮಾತು ಈಗ ತಾನೇ ಶುರುವಾಗಿತ್ತು, ಅರ್ಧಕ್ಕೇ ನಿಂತಿತು. ಇನ್ನು ಮೇಲೆ ಅವನ ಚಿಕಿತ್ಸೆ ನಡೆಯಬೇಕಾದದ್ದು ನಮ್ಮ ಊರಿನಲ್ಲಿ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ.

ಆ ಹುಡುಗನಿಗೂ ಒಂದು ಚೀಟಿ ಕೊಟ್ಟು ಆಸ್ಪತ್ರೆಗೆ ಹೋಗ್ತಿರು ಅಂದಿದ್ದರು. ಒಂದು ಸಲ ಹೋದ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನೋಡಿದರು. "ಕಳ್ಳ ಆಗಿದ್ದವನು ಈಗ ಹುಚ್ಚನೂ ಆದ" ಅಂತ ಊರಲ್ಲಿ ಆಡಿಕೊಂಡರು. ಅಲ್ಲಿಗೆ ಮುಗಿಯಿತು. ಎರಡು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ.

ಮನಸ್ಸಿನ ಡಾಕ್ಟರು ಅಂದರೆ ಹುಚ್ಚಾಸ್ಪತ್ರೆ ಅನ್ನೋ ಭಯ ಇವತ್ತಿನದಲ್ಲ. ಇಲ್ಲೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯ್ ಸ್ವಾಮಿಗಳಿದ್ದರು, ಇನ್ನೂರು ವರ್ಷದ ಹಿಂದೆ. ಸಿಡುಬಿಗೆ ಲಸಿಕೆ ಹೊಸದಾಗಿ ಬಂದ ಕಾಲದಲ್ಲಿ ಮೈಸೂರು ಸೀಮೆಯ ಸಾವಿರಾರು ಜನಕ್ಕೆ ಅದನ್ನು ಹಾಕಿಸಿದವರು ಅವರು. ಸಿಡುಬನ್ನು ಅಮ್ಮ ಅನ್ನುತ್ತಿದ್ದ ಕಾಲ ಅದು, ಜನರನ್ನು ಒಪ್ಪಿಸುವುದು ಸುಲಭವಿದ್ದಿರಲಾರದು. ಇವತ್ತು ಲಸಿಕೆಗೆ ನಾವೇ ಕಂಕುಳಲ್ಲಿ ಕೂಸು ಎತ್ತಿಕೊಂಡು ಸಾಲಲ್ಲಿ ನಿಲ್ತೀವಿ. ಮನಸ್ಸಿನ ಕಾಯಿಲೆಗೂ ಹಾಗೇ ಆಗಬೇಕು. ಹರಕೆ ಹೊರುವುದನ್ನು, ಮೇಲುಕೋಟೆಗೋ ನಿಮಿಷಾಂಬಕ್ಕೋ ಚರ್ಚಿಗೋ ಹೋಗುವುದನ್ನು ನಾನು ಬೇಡ ಅನ್ನೋದಿಲ್ಲ. ಹೋಗಿ, ಪ್ರಾರ್ಥಿಸಿ. ಬರುವ ದಾರಿಯಲ್ಲಿ ಆಸ್ಪತ್ರೆಗೂ ಹೋಗಿ.

ದೂರ ಅನ್ನಬೇಡಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆ ಗುರುತಿಸಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. 2014ರಲ್ಲಿ ನಮ್ಮ ಸರ್ಕಾರ "ಮನೋಚೈತನ್ಯ" ಅಂತ ಮಾಡಿ, ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಶುರುಮಾಡಿತು. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ನಾಗಮಂಗಲದವರಿಗೆ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಂಡ್ಯದಲ್ಲಿ ಮಿಮ್ಸ್ ಇದೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯೂ ಹತ್ತಿರ. ಕೆ.ಆರ್. ಪೇಟೆಯವರಿಗೆ ಸ್ವಲ್ಪ ಕಷ್ಟ, ಒಪ್ಪುತ್ತೇನೆ. ಅವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಲಿ.

ಎಲ್ಲಿಗೂ ಹೋಗಲಾಗದಿದ್ದರೆ ಫೋನ್ ಇದೆ. ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನೋಡೋದಿಲ್ಲ. ಮಕ್ಕಳಿಗೆ ಯಾವುದೇ ತೊಂದರೆ ಇದ್ದರೆ 1098.

ಒಂದು ಎಚ್ಚರಿಕೆಯ ಮಾತು. ಇಂಥ ಹುಡುಗ "ನಾನ್ಯಾಕೆ ಬದುಕಿರಬೇಕು" ಅಂದರೆ, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಡೋಕೆ ಶುರುಮಾಡಿದರೆ, ಊಟ ಬಿಟ್ಟು ಮುಸುಕು ಹಾಕಿ ಮಲಗಿದರೆ "ನಾಟಕ ಆಡ್ತಾನೆ" ಅನ್ನಬೇಡಿ. "ಸಾಯಬೇಕು ಅನ್ನಿಸ್ತಿದೆಯೇನಪ್ಪ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನೋದು ಸುಳ್ಳು, ಕೇಳಿದರೆ ಮನಸ್ಸು ಹಗುರಾಗುತ್ತದೆ. ಅವನನ್ನು ಒಂಟಿಯಾಗಿ ಬಿಡಬೇಡಿ. ಗದ್ದೆಗೆ ಹೊಡೆಯುವ ಔಷಧಿ ಡಬ್ಬ ಮನೆಯ ಅಟ್ಟದ ಮೇಲಿದ್ದರೆ ಇವತ್ತೇ ತೆಗೆದು ಬೇರೆ ಕಡೆ ಬೀಗ ಹಾಕಿ ಇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ.

ಹಾಗೇ ವಾಟ್ಸಾಪ್. ಸಂಘದ ಗುಂಪಿನಲ್ಲಿ "ನೋಡ್ರವ್ವ ಇವನೇ" ಅಂತ ಹುಡುಗನ ಫೋಟೊ ಹಾಕುವವರು ಇದ್ದಾರೆ. ಇಂಥ ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಹೊರಗೆ ಹಾಕುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು, ಮಕ್ಕಳ ಕೈಗೆ ಹೆಂಡ, ಗಾಂಜಾ, ತಂಬಾಕು ಕೊಡುವವರಿಗೆ ಇದೇ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಶಾಲೆಯ ಪಕ್ಕದ ಪೆಟ್ಟಿಗೆ ಅಂಗಡಿಯವನಿಗೆ ಇದನ್ನು ಹೇಳಲು ಹತ್ತು ಹೆಂಗಸರು ಒಟ್ಟಿಗೆ ಹೋದರೆ ಸಾಕು.

ಆ ತಾಯಿಯ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಸಂಘದ ಕಾರ್ಯದರ್ಶಿ ವಯಸ್ಸಾದ ಹೆಂಗಸು. ಮೊದಲು "ಸಾಲ ಚುಕ್ತಾ ಮಾಡಿಸಿ" ಅಂದವರಲ್ಲಿ ಆಕೆಯೂ ಒಬ್ಬಳು. ಒಂದು ಸಂಜೆ ಕಂತು ಕೇಳುವ ನೆಪದಲ್ಲಿ ಆ ಮನೆಗೆ ಹೋದಳು. ಒಳಗೆ ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಕಂತಿನ ಮಾತು ಎತ್ತಲಿಲ್ಲ. "ನಾಳೆ ಮಂಗಳವಾರ, ನನಗೂ ಮಂಡಿನೋವು, ಆಸ್ಪತ್ರೆಗೆ ಹೋಗ್ಬೇಕು, ನೀನೂ ನಿನ್ನ ಮಗನೂ ಜೊತೆಗೆ ಬನ್ನಿ" ಅಂದಳು. ಅಷ್ಟೇ. ಮೂವರೂ ಹೋದರು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ, ಇಬ್ಬರು ಹೆಂಗಸರಿಗೆ ಟಿಕೆಟ್ ಇಲ್ಲ, ಹುಡುಗನಿಗೆ ಮಾತ್ರ ದುಡ್ಡು. "ಗಂಡಸಾಗಿ ಹುಟ್ಟಿದ್ದಕ್ಕೆ ದಂಡ ಕಟ್ಟಪ್ಪ" ಅಂತ ಆಕೆ ತಮಾಷೆ ಮಾಡಿದಾಗ ಹುಡುಗ ನಕ್ಕನಂತೆ. ತಿಂಗಳುಗಳ ಮೇಲೆ ಮೊದಲ ಸಲ.

ಆಮೇಲೆ ಸಂಘದಲ್ಲಿ ಠರಾವು ಮಾಡಿದರು. ಎರಡು ವಾರದ ದಂಡ ಮನ್ನಾ. ಸದಸ್ಯೆಯ ಮನೆಯಲ್ಲಿ ಆಸ್ಪತ್ರೆ, ಕೋರ್ಟು, ಸಾವು ಇದ್ದರೆ ಗೈರುಹಾಜರಿಗೆ ದಂಡ ಇಲ್ಲ. ಸುಲಭವಾಗಿ ಆಗಲಿಲ್ಲ, ಇಬ್ಬರು ಸದಸ್ಯೆಯರು ಒಪ್ಪದೆ ಎದ್ದುಹೋದರು. ಕೇಬಲ್ ಕಳೆದುಕೊಂಡಿದ್ದು ಅವರಲ್ಲಿ ಒಬ್ಬಳ ಮನೆಯವರೇ. ಅವಳ ನೋವನ್ನೂ ನಾವು ತಳ್ಳಿಹಾಕುವ ಹಾಗಿಲ್ಲ.

ಹುಡುಗ ಈಗ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದಾನೆ. ಪೂರ್ತಿ ಸರಿಹೋದ ಅಂತ ನಾನು ಹೇಳೋದಿಲ್ಲ. ಈಗಲೂ ಕೆಲವು ರಾತ್ರಿ ಏಳುತ್ತಾನೆ. ನಾಲೆ ಏರಿಯ ಮೇಲೆ ಹೋಗೋದಿಲ್ಲ, ಸುತ್ತಿಕೊಂಡು ಹೋಗ್ತಾನೆ. ಆದರೆ ಎದ್ದಾಗ ಅವ್ವನನ್ನು ಎಬ್ಬಿಸ್ತಾನೆ, ಮೊದಲಿನ ಹಾಗೆ ಒಬ್ಬನೇ ಹೊರಗೆ ಹೋಗೋದಿಲ್ಲ.

ನನ್ನ ಮಾತು ಇಷ್ಟು. ಊಟದ ಹೊತ್ತಾಯಿತು, ಆದರೂ ಎರಡು ಚೀಟಿ ಬಂದಿವೆ, ಉತ್ತರ ಹೇಳಿಬಿಡ್ತೀನಿ.

ಒಬ್ಬರು ಕೇಳಿದ್ದಾರೆ: "ಮನಸ್ಸಿನ ಮಾತ್ರೆ ಶುರುಮಾಡಿದ್ರೆ ಸಾಯೋವರೆಗೂ ನುಂಗ್ಬೇಕಂತೆ, ನಿಜವಾ?" ಎಲ್ಲರಿಗೂ ಮಾತ್ರೆ ಬೇಕಾಗೋದಿಲ್ಲ. ಎಷ್ಟೋ ಮಕ್ಕಳಿಗೆ ಮಾತಾಡಿಸುವುದೇ ಚಿಕಿತ್ಸೆ. ಮಾತ್ರೆ ಬೇಕಾದವರಲ್ಲೂ ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಹೆಚ್ಚು ಕಾಲ. ಸ್ವಲ್ಪ ಸರಿಹೋಯಿತು ಅಂತ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಲ್ಲಿಸಿ.

ಇನ್ನೊಬ್ಬರು ಹೆಸರು ಬರೆದಿಲ್ಲ: "ನಾಳೆ ಕೆಲಸಕ್ಕೆ ಸೇರುವಾಗ ಈ ಕೇಸು ಅಡ್ಡ ಬರುತ್ತಾ?" ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಬಾರದು ಅಂತ ಕಾಯ್ದೆಯ 24ನೇ ಕಲಮಿನಲ್ಲಿದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ ಆ ದಾಖಲೆಗಳನ್ನು ನಾಶಮಾಡಲು ಮಂಡಳಿ ಆದೇಶಿಸಬೇಕು. ಹದಿನಾರು ತುಂಬಿ, ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯ ದೊಡ್ಡವರ ಹಾಗೆ ವಿಚಾರಿಸಿ ತಪ್ಪಿತಸ್ಥ ಅಂದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಸಣ್ಣ ಅಪರಾಧದ ವಿಚಾರಣೆಯಾದರೆ ನಾಲ್ಕು ತಿಂಗಳು, ವಿಸ್ತರಿಸಿದರೆ ಇನ್ನೆರಡು ತಿಂಗಳು. ಅಷ್ಟರಲ್ಲೂ ಮುಗಿಯದಿದ್ದರೆ ಅದು ಅಲ್ಲಿಗೇ ಕೊನೆ. ಚೀಟಿ ಬರೆದ ಅವ್ವ, ಊಟ ಆದಮೇಲೆ ನಾನು ಹಿಂದಿನ ಬಾಗಿಲ ಹತ್ತಿರ ಇರ್ತೀನಿ. ಬಂದು ಮಾತಾಡಿ.